ಮಗುವಿನ ಮೊದಲ ದಂತಪರೀಕ್ಷೆ

ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ವೆಂಬ ಹೆಸರೂ ಉಂಟು. ಹಕ್ಕಿಯು ಮೊಟ್ಟೆಯಾಗಿ ಒಮ್ಮೆ, ಮೊಟ್ಟೆಯನ್ನೊಡೆದು ಮತ್ತೊಮ್ಮೆ ಜನಿಸುವಂತೆ, ಹಲ್ಲೂ ಎರಡು ಸಲ ಹುಟ್ಟುವುದರಿಂದ ಈ ಹೆಸರು ಬಂದಿತು. ನಮ್ಮ ಪೂರ್ವಿಕರು ಶಿಶುಗಳ ಹಲ್ಲನ್ನು ಅಲಕ್ಷ್ಯ ಮಾಡಿದವರಲ್ಲ. ಬಾಲವೈದ್ಯಕ್ಕೆ ಮೀಸಲಾದ ಕಾಶ್ಯಪಸಂಹಿತೆಯಲ್ಲಿ ಹಲ್ಲು ಹುಟ್ಟುವ ವಿಷಯಕ್ಕೆಂದೇ ಒಂದು ಅಧ್ಯಾಯವಿದೆ. ಹೀಗಿದ್ದರೂ, “ಹಾಲುಹಲ್ಲು ತಾನೆ, ಹೇಗೂ ಬಿದ್ದುಹೋಗುವುದು” ಎಂಬ ಮಾತು ಇಂದಿಗೂ ನಮ್ಮ ಮನೆಗಳಲ್ಲಿ ಕೇಳಿಬರುತ್ತದೆ. ಆ ಮಾತಿನ ಫಲವನ್ನು ಉಣ್ಣುವುದು ಮಾತ್ರ ಮಗು.

ಹಾಲುಹಲ್ಲುಗಳು ಒಟ್ಟು 20. ಸುಮಾರು 6ನೆಯ ತಿಂಗಳಲ್ಲಿ ಮೊದಲನೆಯದು ಮೂಡಿ, 3 ವರ್ಷ ತುಂಬುವಷ್ಟರಲ್ಲಿ ಎಲ್ಲವೂ ಬಂದಿರುತ್ತವೆ. ಮುಂದಿನ ಹಲ್ಲುಗಳು 6-7ನೆಯ ವಯಸ್ಸಿನಲ್ಲಿ ಬೀಳತೊಡಗುವುದು ನಿಜ. ಆದರೆ ಹಿಂದಿನ ದವಡೆಹಲ್ಲುಗಳು 10-12 ವರ್ಷದವರೆಗೂ ಇದ್ದು, ಅನ್ನವನ್ನು ಅಗಿಯುವುದಲ್ಲದೆ, ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಸ್ಥಳವನ್ನೂ ಕಾದಿರಿಸುತ್ತವೆ. ಹುಳುಕು ಹಿಡಿದು ಅಕಾಲದಲ್ಲಿ ಅವನ್ನು ಕೀಳಿಸಬೇಕಾದರೆ, ನೆರೆಯ ಹಲ್ಲುಗಳು ಆ ಎಡೆಗೆ ವಾಲಿ, ಬರತಕ್ಕ ಹಲ್ಲಿಗೆ ದಾರಿ ಇಲ್ಲದಂತಾಗುವುದುಂಟು. ಇದಲ್ಲದೆ ಸುಮಾರು 6ನೆಯ ವಯಸ್ಸಿನಲ್ಲಿ, ಯಾವ ಹಲ್ಲೂ ಬೀಳದೆಯೇ, ಎಲ್ಲಕ್ಕೂ ಹಿಂದೆ ಒಂದು ದವಡೆಹಲ್ಲು ಮೂಡುತ್ತದೆ. ಅದು ಶಾಶ್ವತವಾದದ್ದು. ಅದನ್ನೂ ಹಾಲುಹಲ್ಲೆಂದೇ ಭ್ರಮಿಸಿ ಕೆಡಗೊಡುವ ತಂದೆತಾಯಿಗಳು ಅನೇಕರು.

ಆದಕಾರಣವೇ ಮೊದಲ ಹಲ್ಲು ಮೂಡಿದ 6 ತಿಂಗಳೊಳಗೆ, ಹೆಚ್ಚೆಂದರೆ ಮಗುವಿನ ಮೊದಲ ವರ್ಷ ತುಂಬುವುದರೊಳಗೆ, ಒಮ್ಮೆ ದಂತವೈದ್ಯರಿಗೆ ತೋರಿಸಬೇಕೆಂದು ಮಕ್ಕಳ ದಂತವೈದ್ಯಶಾಸ್ತ್ರವು ಹೇಳುತ್ತದೆ. ನಾವು ಮಾಡುವುದಾದರೋ ಬೇರೆ. ಮಗುವು ರಾತ್ರಿಯೆಲ್ಲ ಅತ್ತು, ಕೆನ್ನೆ ಊದಿಕೊಂಡ ಮೇಲೆ ಹೊತ್ತುಕೊಂಡು ಓಡುತ್ತೇವೆ. ಆಗ ಮಗುವಿನ ಮನಸ್ಸಿನಲ್ಲಿ ವೈದ್ಯ, ನೋವು ಇವೆರಡೂ ಒಂದೇ ಆಗಿ ಬೆಸೆದುಕೊಳ್ಳುತ್ತವೆ. ಬೆಳೆದ ಮೇಲೂ ಆ ಬೆಸುಗೆ ಬಿಡುವುದು ಕಷ್ಟ. ನೋವು ಸಹಿಸಲಸಾಧ್ಯವಾಗುವವರೆಗೂ ದಂತವೈದ್ಯರ ಬಾಗಿಲು ತುಳಿಯದ ಹಿರಿಯರು ಪ್ರತಿ ಬೀದಿಯಲ್ಲಿಯೂ ಇದ್ದಾರೆ.

ಇನ್ನೊಂದು ವಿಷಯ. ಭಯದ ಬೀಜವನ್ನು ಬಿತ್ತುವವರು ಬಹುಮಟ್ಟಿಗೆ ಮನೆಯವರೇ. “ಊಟ ಮಾಡದಿದ್ದರೆ ಡಾಕ್ಟರಿಗೆ ಹೇಳಿ ಸೂಜಿ ಚುಚ್ಚಿಸುತ್ತೇನೆ” ಎಂದು ತಿಂಗಳಿಗೆ ಹತ್ತು ಸಲ ಹೆದರಿಸಿ, ಹನ್ನೊಂದನೆಯ ಸಲ “ಡಾಕ್ಟರು ಬಹಳ ಒಳ್ಳೆಯವರು, ಬಾ” ಎಂದರೆ ಮಗುವು ನಂಬೀತೆ? ಉಪಾಧ್ಯಾಯ ವೃತ್ತಿಯಲ್ಲಿ ಇದನ್ನು ನಾನು ವರ್ಷವರ್ಷವೂ ಕಂಡಿದ್ದೇನೆ. “ಮೇಷ್ಟ್ರಿಗೆ ಹೇಳುತ್ತೇನೆ, ನೋಡು” ಎಂಬ ಬೆದರಿಕೆಯಲ್ಲಿ ಬೆಳೆದ ಮಗುವು ನನ್ನ ಮುಖ ಕಂಡೊಡನೆ ತಾಯಿಯ ಸೆರಗಿನಲ್ಲಿ ಅವಿತುಕೊಳ್ಳುತ್ತಿತ್ತು. ಶಾಲೆಯಲ್ಲಿ ಏನೇನು ನಡೆಯುವುದೆಂದು ಮನೆಯಲ್ಲಿ ಕೇಳಿ ಬಂದ ಮಗುವು ಗಂಟೆಯೊಳಗೆ ಚಾಪೆಯ ಮೇಲೆ ಸ್ವಸ್ಥವಾಗಿ ಕುಳಿತಿರುತ್ತಿತ್ತು.

ಹಾಗಾದರೆ ಮಗುವಿಗೆ ಏನನ್ನು ಹೇಳಬೇಕು? ನಡೆಯುವುದನ್ನು ನಡೆಯುವಂತೆಯೇ ಹೇಳಬೇಕು. “ನಾಳೆ ಹಲ್ಲಿನ ಡಾಕ್ಟರ ಹತ್ತಿರ ಹೋಗೋಣ, ಕಂದ. ಅಲ್ಲೊಂದು ದೊಡ್ಡ ಕುರ್ಚಿ ಇರುತ್ತದೆ. ಅವರು ಪುಟ್ಟ ಕನ್ನಡಿಯಿಟ್ಟು ನಿನ್ನ ಹಲ್ಲುಗಳನ್ನು ಎಣಿಸುತ್ತಾರೆ. ನಾನು ಪಕ್ಕದಲ್ಲಿಯೇ ಇರುತ್ತೇನೆ.” ಇಷ್ಟು ಸಾಕು. “ಸ್ವಲ್ಪವೂ ನೋಯುವುದಿಲ್ಲ” ಎನ್ನಬೇಡಿರಿ. ಅದುವರೆಗೆ ನೋವನ್ನೇ ನೆನೆಯದಿದ್ದ ಮಗುವಿಗೆ ಆ ಒಂದು ಪದವೇ ಕಿವಿಯಲ್ಲಿ ಉಳಿಯುತ್ತದೆ. ದೈವವಶಾತ್ ಕೊಂಚ ನೊಂದರೆ ತಾಯಿಯ ಮಾತು ಸುಳ್ಳಾಗುತ್ತದೆ. ವೈದ್ಯರಲ್ಲಿ ಕಳೆದುಹೋದ ನಂಬಿಕೆಯನ್ನು ಮರಳಿ ಗಳಿಸಬಹುದು. ತಾಯಿಯಲ್ಲಿ ಕಳೆದುಹೋದದ್ದನ್ನು ಗಳಿಸುವುದು ದುಸ್ತರ.

ಹೋಗುವ ಮುನ್ನ ಮನೆಯಲ್ಲಿ ಆಟವಾಡಿಸಿರಿ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಚಿಕ್ಕ ಚಮಚವನ್ನು ಹಿಡಿದು ಹಲ್ಲುಗಳನ್ನು ಎಣಿಸಿರಿ. ಬಳಿಕ ಅದೇ ಚಮಚದಿಂದ ಮಗುವು ಅಜ್ಜಿಯ ಹಲ್ಲುಗಳನ್ನು ಎಣಿಸಲಿ. 3 ವರ್ಷಕ್ಕೆ ಕಿರಿಯ ಮಕ್ಕಳನ್ನು ವೈದ್ಯರು ಪರೀಕ್ಷಿಸುವ ಕ್ರಮವೂ ಇದನ್ನೇ ಹೋಲುತ್ತದೆ: ತಾಯಿಯೂ ವೈದ್ಯರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರೆದುರು ಕುಳಿತು, ತಾಯಿಯ ಮಡಿಲಲ್ಲಿರುವ ಮಗುವಿನ ತಲೆಯನ್ನು ವೈದ್ಯರ ತೊಡೆಯ ಮೇಲೆ ಒರಗಿಸುತ್ತಾರೆ. ದೊಡ್ಡ ಮಕ್ಕಳಿಗೆ ಬಲ್ಲ ವೈದ್ಯರು ಪ್ರತಿಯೊಂದು ಉಪಕರಣವನ್ನೂ ಮೊದಲು ಹೆಸರಿಸಿ, ಬಳಿಕ ಬೆರಳಿನ ಮೇಲೆ ಮುಟ್ಟಿಸಿ ತೋರಿಸಿ, ಅನಂತರವೇ ಬಾಯಿಗೆ ತರುತ್ತಾರೆ. ಅವರು ಮಾತನಾಡುವಾಗ ನಡುವೆ ನಾವು ಬಾಯಿ ಹಾಕದಿರುವುದು ಲೇಸು.

ಮಗುವು ನಿದ್ದೆ ತೀರಿಸಿ ಎದ್ದಿರುವ ಬೆಳಗಿನ ಹೊತ್ತೇ ಪ್ರಶಸ್ತ. ಜೊತೆಗೆ ಹೋಗುವವರು ಧೈರ್ಯವಂತರಾಗಿರಲಿ. ತನ್ನ ಹಲ್ಲು ಕೀಳಿಸಿಕೊಂಡ ಕಥೆಯನ್ನು ದಾರಿಯುದ್ದಕ್ಕೂ ಹೇಳುವ ಸೋದರಮಾವ ಮನೆಯಲ್ಲಿಯೇ ಇರಲಿ. ಅಳದಿದ್ದರೆ ಮಿಠಾಯಿ ಕೊಡಿಸುವೆನೆಂಬ ಲಂಚವೂ ಬೇಡ. ಅತ್ತರೆ ಅಳಲಿ; ಅಳುವುದು ಅಪರಾಧವಲ್ಲ.

ನಮ್ಮ ಪಶ್ಚಿಮ ಬೆಂಗಳೂರಿನವರಿಗೆ ಸೌಕರ್ಯಗಳಿಗೇನೂ ಕೊರತೆಯಿಲ್ಲ. ಬಡಾವಣೆಗಳ ಖಾಸಗಿ ವೈದ್ಯರಲ್ಲದೆ, 1958ರಲ್ಲಿ ಸ್ಥಾಪಿತವಾದ ಸರ್ಕಾರಿ ದಂತವೈದ್ಯಕೀಯ ಕಾಲೇಜು ಕೋಟೆಯ ಬಳಿ, ವಿಕ್ಟೋರಿಯಾ ಆಸ್ಪತ್ರೆಯ ಸಮೀಪದಲ್ಲಿದೆ. ರಾಜಾಜಿನಗರದವರು ಹಸುರು ಮಾರ್ಗದ ಮೆಟ್ರೊ ರೈಲಿನಲ್ಲಿ ನೇರವಾಗಿ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿಳಿಯಬಹುದು. ವಿಜಯನಗರ, ಕೆಂಗೇರಿಗಳವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಬೇಕು. ಕೆಂಗೇರಿಯಾಚೆ ಮೈಸೂರು ರಸ್ತೆಯಲ್ಲಿ ಕುಂಬಳಗೋಡಿನ ಕಡೆ ರಾಜರಾಜೇಶ್ವರಿ ದಂತವೈದ್ಯಕೀಯ ಕಾಲೇಜೂ ಇದೆ. ರೈಲಿನ ಪ್ರಯಾಣವೇ ಮಗುವಿಗೆ ಅರ್ಧ ಉತ್ಸಾಹವನ್ನು ತಂದುಕೊಟ್ಟೀತು.

ಹೋದಾಗ ವೈದ್ಯರನ್ನು ಕೇಳಿ ತಿಳಿಯಬೇಕಾದುದೂ ಉಂಟು. 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಅನಂತರ 6 ವರ್ಷದವರೆಗೆ ಬಟಾಣಿಕಾಳಿನಷ್ಟು ಫ್ಲೋರೈಡ್ ಪೇಸ್ಟು ಸಾಕೆಂಬುದು ಸಾಮಾನ್ಯ ನಿಯಮ. ಹಾಲಿನ ಸೀಸೆಯನ್ನು ಬಾಯಲ್ಲಿಟ್ಟುಕೊಂಡೇ ಮಲಗುವ ಅಭ್ಯಾಸವು ಮೇಲಿನ ಮುಂಬಲ್ಲುಗಳನ್ನು ಬೇಗ ಕೆಡಿಸುತ್ತದೆ. ಅದಿದ್ದರೆ ಮುಚ್ಚಿಡದೆ ಹೇಳಿರಿ.

ಮನೆಗೆ ಮರಳಿದ ಮೇಲೆ “ಜಾಣ” ಎಂದಷ್ಟೇ ಹೇಳಿ ಮುಗಿಸಬಾರದು. “ಡಾಕ್ಟರು ಕೇಳಿದಾಗ ಬಾಯನ್ನು ಎಷ್ಟು ಚೆನ್ನಾಗಿ ತೆರೆದೆ!” ಎಂದು, ಮಗುವು ಮಾಡಿದ ಕೆಲಸವನ್ನೇ ಹೆಸರಿಸಿ ಹೊಗಳತಕ್ಕದ್ದು. ಮುಂದಿನ ಸಲ ಅದು ತಾನಾಗಿಯೇ ಬಾಯಿ ತೆರೆಯುವುದು. ಆದುದರಿಂದ ಮಗುವಿನ ಬಾಯಲ್ಲಿ ಹಲ್ಲು ಮೂಡಿರುವ ಗೃಹಸ್ಥರು, ನೋವು ಬಂದು ಬಾಗಿಲು ತಟ್ಟುವವರೆಗೆ ಕಾಯದೆ, ಈ ತಿಂಗಳಲ್ಲಿಯೇ ಒಂದು ದಿನವನ್ನು ಗೊತ್ತುಮಾಡಿಕೊಳ್ಳಲಿ.