ಹೃದಯದ ಮುಚ್ಚಿದ ಹಾದಿ

ಶರಣರು ಕಾಯವನ್ನು ಹಳಿಯಲಿಲ್ಲ. ಕಾಯಕಕ್ಕೆ ಅದೇ ಸಾಧನವೆಂದು ಬಗೆದರು. ಆದುದರಿಂದ ಕಾಯದ ಮರ್ಮವನ್ನು ತಕ್ಕಮಟ್ಟಿಗೆ ಅರಿಯುವುದು ಗೃಹಸ್ಥರಿಗೆ ಭೂಷಣ.

‘ಹೃದಯದ ರಕ್ತನಾಳವೊಂದು ನೂರಕ್ಕೆ ನೂರು ಮುಚ್ಚಿದೆ’ ಎಂದು ವೈದ್ಯರು ನುಡಿದೊಡನೆ ಮನೆಮಂದಿ ಕಂಗೆಡುತ್ತಾರೆ. ಆದರೆ ಈ ಮುಚ್ಚುವಿಕೆಯಲ್ಲಿ ಎರಡು ಬಗೆಯುಂಟು. ನಾಳವು ಹಠಾತ್ತನೆ ಮುಚ್ಚಿದರೆ ಅದು ಹೃದಯಾಘಾತ. ಅಲ್ಲಿ ಗಳಿಗೆಯ ವಿಳಂಬವೂ ಸಲ್ಲದು. 3 ತಿಂಗಳಿಗೂ ಮಿಕ್ಕು ಮುಚ್ಚಿಕೊಂಡೇ ಇರುವ ನಾಳದ ಸಂಗತಿ ಬೇರೆ. ಕಾಲುವೆ ಕಟ್ಟಿಹೋದಾಗ ನೀರು ಬದಿಯ ತೋಡುಗಳನ್ನು ಹಿಡಿಯುವಂತೆ, ಅಲ್ಲಿ ನೆರೆಯ ಸಣ್ಣ ಕವಲುಗಳು ಕ್ರಮೇಣ ಹಿಗ್ಗಿ ರಕ್ತವನ್ನು ಬಳಸುದಾರಿಯಿಂದ ಒಯ್ಯುತ್ತವೆ. ಹೃದಯದ ಸ್ನಾಯು ಜೀವ ಹಿಡಿದಿರುವುದು ಇದರಿಂದ. ಆದರೆ ಶ್ರಮದ ವೇಳೆ ಈ ರಕ್ತ ಸಾಲದೆ ಎದೆನೋವು, ಏದುಸಿರು ತೋರುತ್ತವೆ.

1977ರಲ್ಲಿ ಜ್ಯೂರಿಚ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಎಂಬ ವೈದ್ಯರು ಕಿರಿದಾದ ಹೃದಯಧಮನಿಯನ್ನು ಪುಟ್ಟ ಬಲೂನಿನಿಂದ ಹಿಗ್ಗಿಸಿದರು. ಮುಂದೆ ಸ್ಟೆಂಟ್ ಬಂದಿತು. ಆದರೆ ಬಲೂನು ಸಾಗಬೇಕಾದರೆ ಮೊದಲು ತಂತಿ ದಾಟಬೇಕು; ಹಳೆಯ ತಡೆಯೋ ಸುಣ್ಣದಂಶ ಸೇರಿ ಗಟ್ಟಿಯಾಗಿರುತ್ತದೆ. ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ಕೆಥೀಟರ್ ಎಂಬ ನಳಿಕೆಯನ್ನು ಏರಿಸಿ, ಅದರೊಳಗಿಂದ ಅರ್ಧ ಮಿಲಿಮೀಟರಿಗೂ ತೆಳುವಾದ ತಂತಿಯನ್ನು ಮೆಲ್ಲನೆ ಮುಂದೊತ್ತುತ್ತಾರೆ. ಎದುರಿನಿಂದ ದಾರಿ ದೊರೆಯದಿದ್ದರೆ, ಹೃದಯವು ತಾನೇ ಮಾಡಿಕೊಂಡ ಆ ಬಳಸುದಾರಿಯಲ್ಲಿ ತಂತಿಯನ್ನು ಒಯ್ದು ತಡೆಯನ್ನು ಹಿಂಬದಿಯಿಂದ ಭೇದಿಸುವುದೂ ಉಂಟು. ಈ ವಿಧಾನವನ್ನು ಹದಗೊಳಿಸಿದವರಲ್ಲಿ ಜಪಾನಿನ ವೈದ್ಯರು ಅಗ್ರಗಣ್ಯರು.

ಹಾಗೆಂದು ಸಾಧ್ಯವಾದುದೆಲ್ಲ ಅವಶ್ಯವೇ? 2018ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ, ಬರಿಯ ಔಷಧಿ ಪಡೆದವರಿಗಿಂತ ನಾಳ ತೆರೆಸಿಕೊಂಡವರಿಗೆ ಎದೆನೋವು ಹೆಚ್ಚು ತಗ್ಗಿತು. ಕೊರಿಯಾ, ಭಾರತ ಮೊದಲಾದ ದೇಶಗಳ ರೋಗಿಗಳನ್ನೊಳಗೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮರಣ, ಹೃದಯಾಘಾತಗಳ ವಿಷಯದಲ್ಲಿ ಅಂತಹ ಅಂತರ ಕಾಣಲಿಲ್ಲ. ಎಂದರೆ, ಈ ಚಿಕಿತ್ಸೆಯ ಮುಖ್ಯ ಫಲ ಬಾಧೆಯ ಶಮನ, ಆಯುಷ್ಯವೃದ್ಧಿಯ ಭರವಸೆಯಲ್ಲ. ನಾಳಕ್ಕೆ ರಂಧ್ರವಾಗುವ ಅಪಾಯವೂ, ಬಣ್ಣದ ದ್ರವದಿಂದ ಮೂತ್ರಪಿಂಡಕ್ಕೆ ತೊಂದರೆಯಾಗುವ ಸಂಭವವೂ ಇದರಲ್ಲಿ ಇಲ್ಲದಿಲ್ಲ.

ಆದಕಾರಣ ಹೊಲ ಮಾರಲು ಹೊರಡುವ ಮುನ್ನ ವೈದ್ಯರನ್ನು ವಿನಯದಿಂದ ಕೇಳಿರಿ: ರೋಗಿಯ ಬಾಧೆಗೆ ಈ ನಾಳವೇ ಕಾರಣವೇ? ಔಷಧಿಗಳನ್ನು ಪೂರ್ಣವಾಗಿ ಪ್ರಯೋಗಿಸಿ ನೋಡಿದ್ದಾಯಿತೇ? ಆ ಭಾಗದ ಸ್ನಾಯು ಜೀವಂತವಿದೆಯೇ? ಬೈಪಾಸ್ ಶಸ್ತ್ರಚಿಕಿತ್ಸೆ ಮೇಲಲ್ಲವೇ? ಈ ವಿಶೇಷ ಕ್ರಿಯೆಯಲ್ಲಿ ತಮಗೆ ಅಭ್ಯಾಸವೆಷ್ಟು? ಬಲ್ಲ ವೈದ್ಯರು ಇಂತಹ ಪ್ರಶ್ನೆಗೆ ಮುನಿಯುವುದಿಲ್ಲ.

ನಾಳ ತೆರೆದರೂ ರೋಗದ ಬೇರು ಉಳಿದೇ ಇರುತ್ತದೆ. ತಂಬಾಕನ್ನು ತ್ಯಜಿಸದೆ, ರಕ್ತದೊತ್ತಡ ಮಧುಮೇಹಗಳನ್ನು ಹತೋಟಿಯಲ್ಲಿಡದೆ, ಗುಳಿಗೆಗಳನ್ನು ನಿಷ್ಠೆಯಿಂದ ಸೇವಿಸದೆ ಪಡೆದ ಚಿಕಿತ್ಸೆ ಬೇಲಿಯಿಲ್ಲದ ಬೆಳೆಯಂತೆ. ಭಯದಿಂದ ಒಪ್ಪುವುದೂ ಬೇಡ, ಭಯದಿಂದ ಒಲ್ಲೆನೆನ್ನುವುದೂ ಬೇಡ. ಅರಿತು ನಿರ್ಧರಿಸುವುದೇ ಲೇಸು.