ಕಾಣದ ರೂಪ, ಅಳಿಯದ ಕೀರ್ತಿ

ನಳನನ್ನು ಕಾಣುವುದಕ್ಕೆ ಮುನ್ನವೇ, ಹಂಸದ ಮಾತನ್ನು ಕೇಳಿ ದಮಯಂತಿಯು ಅವನಿಗೆ ಮನಸೋತಳೆಂಬ ಕಥೆಯನ್ನು ನಮ್ಮ ವಾಚಕರು ಬಲ್ಲರು. ಮೂಕಚಿತ್ರಗಳ ಪ್ರಸಿದ್ಧ ನಟಿ ಸುಲೋಚನೆಯ ವಿಷಯದಲ್ಲಿ ಇಂದಿನವರ ಸ್ಥಿತಿಯೂ ಇಂಥದೇ ಆಗಿದೆ. ಆಕೆಯ ಮೂಕಚಿತ್ರಗಳು ಬಹುಮಟ್ಟಿಗೆ ನಾಶವಾಗಿವೆ. ಅವನ್ನು ಕಂಡು ಹೇಳಬಲ್ಲ ತಲೆಮಾರೂ ಸಂದುಹೋಗಿದೆ. ಆದರೂ ಆ ಹೆಸರಿನ ಮೋಹ ಮಾಸಿಲ್ಲ. ಇದಕ್ಕೆ ಕಾರಣವೇನೆಂದು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಈಕೆಯ ನಿಜನಾಮ ರೂಬಿ ಮೈಯರ್ಸ್. 1907ರಲ್ಲಿ ಪೂನಾದ ಯಹೂದಿ ಕುಟುಂಬವೊಂದರಲ್ಲಿ ಜನಿಸಿ, ಟೆಲಿಫೋನ್ ಆಪರೇಟರಾಗಿ ಜೀವಿಸುತ್ತಿದ್ದ ಈ ತರುಣಿಯನ್ನು ಕೊಹಿನೂರ್ ಸಂಸ್ಥೆಯ ಮೋಹನ ಭವನಾನಿಯವರು ಚಿತ್ರರಂಗಕ್ಕೆ ಕರೆತಂದರು. ಅದಕ್ಕೆ ಹತ್ತು ಹನ್ನೆರಡು ವರ್ಷಗಳ ಹಿಂದೆ, 1913ರ 'ರಾಜಾ ಹರಿಶ್ಚಂದ್ರ'ದಲ್ಲಿ, ಹರಿಶ್ಚಂದ್ರನ ರಾಣಿಯ ಪಾತ್ರಕ್ಕೆ ಹೆಂಗಸು ದೊರೆಯದೆ ಗಂಡಸೊಬ್ಬನು ಸೀರೆಯುಡಬೇಕಾಗಿದ್ದಿತೆಂಬುದನ್ನು ನೆನೆದರೆ ಈಕೆಯ ಧೈರ್ಯ ಎಷ್ಟೆಂಬುದು ತಿಳಿದೀತು.

ಸೌಂದರ್ಯವೊಂದೇ ಈ ಕೀರ್ತಿಗೆ ಕಾರಣವೆಂದು ನಾವು ಒಪ್ಪಲಾರೆವು. 'ಟೆಲಿಫೋನ್ ಗರ್ಲ್', 'ಟೈಪಿಸ್ಟ್ ಗರ್ಲ್' (1926), 'ಇಂದಿರಾ ಬಿ.ಎ.' (1929) ಎಂಬ ಹೆಸರುಗಳನ್ನೇ ನೋಡಿರಿ. ಪುರಾಣದ ದೇವಿಯರು ಮೆರೆಯುತ್ತಿದ್ದ ಪರದೆಯ ಮೇಲೆ, ಸಂಬಳಕ್ಕೆ ದುಡಿಯುವ ಹೆಣ್ಣು, ಪದವಿ ಪಡೆದ ಹೆಣ್ಣು ಕಾಣಿಸಿಕೊಂಡಳು. 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ' (1927) ಎಂಬ ಚಿತ್ರದಲ್ಲಂತೂ ತೋಟದ ಮಾಲಿ, ಪೋಲೀಸಿನವನು, ಹೈದರಾಬಾದಿನ ಗೃಹಸ್ಥ, ಬೀದಿಯ ಪೋರ ಮೊದಲಾಗಿ ಎಂಟು ವೇಷಗಳನ್ನು ಈಕೆಯೊಬ್ಬಳೇ ಧರಿಸಿದಳು. ಇದೆಲ್ಲ ಪಾಶ್ಚಾತ್ಯರ ಅನುಕರಣವೆಂದು ಹೇಳುವವರಿರಬಹುದು. ಉಡುಗೆಯಲ್ಲಿ ಆ ಛಾಯೆ ಇದ್ದುದು ನಿಜ. ಆದರೆ ನಮ್ಮ ಪಟ್ಟಣಗಳಲ್ಲಿ ಮುಂದೆ ಮನೆಮನೆಯಲ್ಲಿಯೂ ಕಾಣಬೇಕಾಗಿದ್ದ ಸ್ತ್ರೀಯನ್ನು ಆಕೆ ಮೊದಲೇ ತೋರಿಸಿದಳೆಂಬುದೂ ಅಷ್ಟೇ ನಿಜ. ಮಹಾತ್ಮರು ಖಾದಿ ಪ್ರದರ್ಶನವನ್ನು ಉದ್ಘಾಟಿಸಿದ ಕಿರುಚಿತ್ರದ ಜೊತೆಯಲ್ಲಿಯೇ 'ಮಾಧುರಿ' (1928) ಚಿತ್ರದ ಈಕೆಯ ನೃತ್ಯವನ್ನೂ ಸೇರಿಸಿ ತೋರಿಸಿದ್ದುಂಟು. ಜನಮನದಲ್ಲಿ ಆಕೆಗಿದ್ದ ಸ್ಥಾನಕ್ಕೆ ಬೇರೆ ಸಾಕ್ಷಿ ಬೇಡ.

1931ರಲ್ಲಿ ಆಕೆ ದುಡಿಯುತ್ತಿದ್ದ ಇಂಪೀರಿಯಲ್ ಸಂಸ್ಥೆಯೇ 'ಆಲಂ ಆರಾ' ಎಂಬ ಭಾರತದ ಮೊದಲ ವಾಕ್ಚಿತ್ರವನ್ನು ಹೊರತಂದಿತು. ಅದರ ನಾಯಿಕೆ ಬೇರೊಬ್ಬಳು. ಹಿಂದೂಸ್ತಾನಿ ಚೆನ್ನಾಗಿ ಬಾರದ ಸುಲೋಚನೆ ಎದೆಗುಂದಲಿಲ್ಲ. ಒಂದು ವರ್ಷ ಬಿಡುವು ಮಾಡಿಕೊಂಡು ಭಾಷೆಯನ್ನು ಕಲಿತು, 1932ರಲ್ಲಿ 'ಮಾಧುರಿ'ಯಲ್ಲಿಯೇ ಮತ್ತೆ ಬಂದು ಮಾತನಾಡಿದಳು. 1928ರ ಮೂಕಿಯಲ್ಲಿ ಅನಾರ್ಕಲಿಯಾದವಳು 1935ರ ವಾಕ್ಚಿತ್ರದಲ್ಲಿಯೂ ಅನಾರ್ಕಲಿಯಾದಳು. 1953ರಲ್ಲಿ ಅದೇ ಕಥೆ ಮತ್ತೆ ಚಿತ್ರವಾದಾಗ ಸಲೀಮನ ತಾಯಿಯಾಗಿ ನಿಂತಳು. ಕಾಲಕ್ಕೆ ಇಷ್ಟು ಗೌರವದಿಂದ ತಲೆಬಾಗಿದ ಕಲಾವಿದರು ವಿರಳ. 1973ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಆಕೆಗೆ ಸಂದಿತು. 1983ರಲ್ಲಿ ಮುಂಬಯಿಯಲ್ಲಿ ಆಕೆ ತೀರಿಕೊಂಡಳು.

ಪ್ರಶಸ್ತಿಯನ್ನೇನೋ ಕೊಟ್ಟೆವು, ಕೃತಿಗಳನ್ನು ಉಳಿಸಿದೆವೆ? ನಮ್ಮ ದೇಶದಲ್ಲಿ ತಯಾರಾದ ಸುಮಾರು 1,300 ಮೂಕಚಿತ್ರಗಳಲ್ಲಿ ಇಂದು ಉಳಿದಿರುವವು ಕೆಲವೇ ಹತ್ತುಗಳು. ಅವುಗಳಲ್ಲಿಯೂ ಅನೇಕವು ಬರಿಯ ತುಂಡುಗಳು. ಆ ಕಾಲದ ಫಿಲ್ಮು ಕಿಡಿ ತಾಗಿದರೆ ಭುಗಿಲೇಳುವಂಥದು. ಬೆಂಕಿಗೆ ಆಹುತಿಯಾದುದು ಕೆಲವು. ಅದರೊಳಗಿನ ಬೆಳ್ಳಿಯ ಆಸೆಗೆ ಕರಗಿಹೋದುದು ಕೆಲವು. ಈಕೆಯ ಹುಟ್ಟೂರಾದ ಪೂನಾದಲ್ಲಿಯೇ ರಾಷ್ಟ್ರೀಯ ಚಲಚ್ಚಿತ್ರ ಭಂಡಾರವು ಸ್ಥಾಪಿತವಾದುದು 1964ರಲ್ಲಿ. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಕನ್ನಡಿಗರಾದ ನಾವು ಇನ್ನೊಬ್ಬರನ್ನು ದೂರಿ ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಭಾಷೆಯ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನಾ' (1934) ಇಂದು ನೋಡಲು ದೊರೆಯದು. ಹರಿದ ಓಲೆಗರಿಗಾಗಿ ಊರೂರು ಅಲೆದು ಪಂಪ ರನ್ನರನ್ನು ಉಳಿಸಿಕೊಂಡ ನಾಡು, ನಿನ್ನೆ ಮೊನ್ನೆಯ ಚಿತ್ರವನ್ನು ಕಳೆದುಕೊಂಡಿತೆಂದರೆ ನಾಚಿಕೆಪಡಬೇಕಾದ ಮಾತು. ಹಳೆಯ ಚಿತ್ರಮಂದಿರಗಳ, ಟೂರಿಂಗ್ ಟಾಕೀಸುಗಳ ಉಗ್ರಾಣಗಳಲ್ಲಿ ಇನ್ನೂ ಡಬ್ಬಿಗಳು ಬಿದ್ದಿದ್ದರೆ ಅವುಗಳ ಒಡೆಯರು ಗುಜರಿಗೆ ಹಾಕದೆ ಭಂಡಾರಕ್ಕೆ ಒಪ್ಪಿಸಲಿ. ಸರ್ಕಾರದವರೂ ಕೇಳುವವರಿಲ್ಲವೆಂದು ಸುಮ್ಮನಿರದೆ ತಾವೇ ಹುಡುಕಿಸಲಿ. ಹಂಸದ ಮಾತಿಗೆ ಒಲಿದ ದಮಯಂತಿಗೆ ಕಡೆಗೆ ನಳನ ದರ್ಶನವಾಯಿತು. ನಮ್ಮ ಮುಂದಿನವರಿಗೆ ಬರಿಯ ಹಂಸದ ಮಾತನ್ನು ಮಾತ್ರ ಬಿಟ್ಟುಹೋಗುವುದು ನ್ಯಾಯವಲ್ಲ.