ಎಣಿಕೆಗೆ ಸಿಗದ ಗಣಿತ

ಒಬ್ಬ ಗಣಿತಜ್ಞನ ಜೀವಮಾನದ ಕೆಲಸವನ್ನು ಒಂದು ಸಂಖ್ಯೆಯಲ್ಲಿ ಹೇಳಿ ಮುಗಿಸಬಹುದೇ? ಇಂದು ಎಷ್ಟೋ ಆಯ್ಕೆ ಸಮಿತಿಗಳು ಹಾಗೆಂದೇ ನಂಬಿದಂತಿದೆ. ಎಷ್ಟು ಪ್ರಬಂಧ, ಅವುಗಳಿಗೆ ಎಷ್ಟು ಉಲ್ಲೇಖ, ಎಚ್-ಇಂಡೆಕ್ಸ್ ಎಷ್ಟು ಎಂದು ಕೇಳುತ್ತಾರೆ. ಈ ಎಚ್-ಇಂಡೆಕ್ಸ್ 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಕೊಟ್ಟ ಅಳತೆ. ಕನಿಷ್ಠ ಇಪ್ಪತ್ತು ಬಾರಿ ಉಲ್ಲೇಖಗೊಂಡ ಪ್ರಬಂಧಗಳು ಇಪ್ಪತ್ತಿದ್ದರೆ ಅದು ಇಪ್ಪತ್ತು. ಲೆಕ್ಕ ಸುಲಭ, ಹೋಲಿಕೆ ಇನ್ನೂ ಸುಲಭ. ಆದರೆ ಫಂಕ್ಷನಲ್ ಅನಾಲಿಸಿಸ್ ಎಂಬ ಗಣಿತ ಶಾಖೆಯ ಚರಿತ್ರೆ ಈ ಸುಲಭದ ದಾರಿಯನ್ನು ಒಪ್ಪುವುದಿಲ್ಲ.

ಗಣಿತಜ್ಞ ಅಲೆಕ್ಸಾಂಡರ್ ಗ್ರೋಥೆಂಡೀಕ್ 1950ರ ದಶಕದ ಮೊದಲ ಭಾಗದಲ್ಲಿ ಬ್ರೆಜಿಲ್‌ನಲ್ಲಿದ್ದರು. ಈ ಶಾಖೆಯ ಕೇಂದ್ರ ವಿಷಯವಾದ ಬನಾಖ್ ಸ್ಪೇಸ್‌ಗಳ ಟೆನ್ಸರ್ ಗುಣಲಬ್ಧಗಳ ಬಗ್ಗೆ ಆಗ ಬರೆದ ದೀರ್ಘ ಪ್ರಬಂಧವನ್ನು ಸಾವೊ ಪಾಲೊದ ಗಣಿತ ಸಂಘದ ಪತ್ರಿಕೆಗೆ ಕೊಟ್ಟರು. ಪತ್ರಿಕೆ ಹೆಚ್ಚು ಜನರ ಕೈಗೆ ಸಿಗುವಂಥದ್ದಲ್ಲ, ಬರವಣಿಗೆಯೂ ಬಿಗಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಓದಿ ಅರಗಿಸಿಕೊಂಡವರು ವಿರಳ. 1968ರಲ್ಲಿ ಲಿಂಡೆನ್‌ಸ್ಟ್ರಾಸ್ ಮತ್ತು ಪೆಲ್ಚಿನ್‌ಸ್ಕಿ ಅದರ ತಿರುಳನ್ನು ಟೆನ್ಸರ್‌ಗಳ ಗೊಡವೆಯಿಲ್ಲದೆ, ಒಂದು ಅಸಮಾನತೆಯಾಗಿ ಬಿಡಿಸಿ ಬರೆದರು. ಅಲ್ಲಿಂದ ಮುಂದೆ ಬನಾಖ್ ಸ್ಪೇಸ್‌ಗಳ ಅಧ್ಯಯನದ ದಿಕ್ಕೇ ಬದಲಾಯಿತು. 1980ರಲ್ಲಿ ಸಿರೆಲ್ಸನ್ ಅದೇ ಅಸಮಾನತೆಯನ್ನು ಕ್ವಾಂಟಮ್ ಸಿದ್ಧಾಂತದ ಬೆಲ್ ಅಸಮಾನತೆಗಳೊಂದಿಗೆ ಜೋಡಿಸಿದರು. ಮುಂದೆ ಕಂಪ್ಯೂಟರ್ ವಿಜ್ಞಾನದ ಅಲ್ಗಾರಿದಮ್‌ಗಳಿಗೂ ಅದು ಬೇಕಾಯಿತು. ಅಷ್ಟು ಹೊತ್ತಿಗೆ ಗ್ರೋಥೆಂಡೀಕ್ ಈ ಕ್ಷೇತ್ರವನ್ನು ಬಿಟ್ಟು ಎರಡು ದಶಕಕ್ಕೂ ಹೆಚ್ಚು ಕಾಲ ಕಳೆದಿತ್ತು.

ಪತ್ರಿಕೆಗಳ ತೂಕ ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಎಣಿಸುವುದು ಹಿಂದಿನ ಎರಡು ವರ್ಷಗಳ ಪ್ರಬಂಧಗಳಿಗೆ ಬಂದ ಉಲ್ಲೇಖಗಳನ್ನು. ಹದಿನೈದು ವರ್ಷಕ್ಕೆ ಹಣ್ಣಾಗುವ ಮರವನ್ನು ಎರಡನೇ ವರ್ಷಕ್ಕೇ ಬಂಜೆ ಎಂದು ಕಡಿದಂತಾಯಿತು ಇದು.

ಸಮಸ್ಯೆ ಬಿಡಿಸುವುದೂ, ಬರೆಯುವುದೂ ಇಲ್ಲಿ ನಿಧಾನ. ಗಣಿತಜ್ಞ ಮಜುರ್ 1936ರಲ್ಲಿ ಲ್ವೂವ್ ನಗರದ ಗಣಿತಜ್ಞರ ಸಮಸ್ಯೆಗಳ ಪುಸ್ತಕವಾದ 'ಸ್ಕಾಟಿಷ್ ಬುಕ್'ನಲ್ಲಿ ಒಂದು ಸಮಸ್ಯೆ ಬರೆದು, ಬಿಡಿಸಿದವರಿಗೆ ಜೀವಂತ ಹೆಬ್ಬಾತು ಕೊಡುವುದಾಗಿ ಮಾತು ಕೊಟ್ಟಿದ್ದರು. 1972ರಲ್ಲಿ ಸ್ವೀಡನ್ನಿನ ಪರ್ ಎನ್‌ಫ್ಲೋ ಅದನ್ನು ಬಿಡಿಸಿದರು, ಹೆಬ್ಬಾತು ಅವರಿಗೆ ಸಿಕ್ಕಿತು. ಅದೇ ಎನ್‌ಫ್ಲೋ ಬನಾಖ್ ಸ್ಪೇಸ್‌ಗಳ ಇನ್‌ವೇರಿಯಂಟ್ ಸಬ್‌ಸ್ಪೇಸ್ ಸಮಸ್ಯೆಗೆ ಕಂಡುಕೊಂಡ ಉತ್ತರವನ್ನು ಎಪ್ಪತ್ತರ ದಶಕದಲ್ಲಿ ಘೋಷಿಸಿದರೂ, ಸುಮಾರು ನೂರು ಪುಟಗಳ ಆ ಪ್ರಬಂಧ ಪರಿಶೀಲನೆ ದಾಟಿ ಅಚ್ಚಾಗಿದ್ದು 1987ರಲ್ಲಿ. ನಡುವಿನ ವರ್ಷಗಳಲ್ಲಿ ಅಂಕಿ ನೋಡುವ ಸಮಿತಿಗೆ ಅದು ಲೆಕ್ಕಕ್ಕೇ ಇಲ್ಲ.

ತೀರಾ ದೊಡ್ಡ ಕೆಲಸಕ್ಕೆ ಉಲ್ಲೇಖವೇ ನಿಂತುಹೋಗುವುದೂ ಉಂಟು. ಬನಾಖ್ 1920ರಲ್ಲಿ ಸಲ್ಲಿಸಿದ ಪಿಎಚ್‌.ಡಿ. ಪ್ರಬಂಧ ಈ ಶಾಖೆಗೆ ಬುನಾದಿ. ಇಂದು ಬನಾಖ್ ಸ್ಪೇಸ್ ಎಂಬ ಮಾತನ್ನು ದಿನವೂ ಬಳಸುವವರು ಆ ಮೂಲವನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುವುದು ಅಪರೂಪ. ಎಲ್ಲರ ಸೊತ್ತಾದದ್ದಕ್ಕೆ ಯಾರೂ ಸಾಲಪತ್ರ ಬರೆಯುವುದಿಲ್ಲ.

ಸಂಖ್ಯೆಯ ಪರವಾಗಿಯೂ ಒಂದು ಗಟ್ಟಿ ವಾದವಿದೆ. ಜಾತಿ, ಗುರುಕುಲ, ಶಿಫಾರಸುಗಳ ಮಧ್ಯೆ ಆಯ್ಕೆ ನಡೆಯುವ ಕಡೆ ಅಂಕಿಯಾದರೂ ಮುಖ ನೋಡುವುದಿಲ್ಲ ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ಅಂಕಿಗೆ ಬಹುಮಾನ ಕಟ್ಟಿದ ದಿನದಿಂದಲೇ ಅಂಕಿಯನ್ನು ಬೆಳೆಸುವ ಕಸುಬೂ ಶುರುವಾಗುತ್ತದೆ. ನೀನು ನನ್ನದನ್ನು ಉಲ್ಲೇಖಿಸು, ನಾನು ನಿನ್ನದನ್ನು. ಗಣಿತದಲ್ಲಿ ಉಲ್ಲೇಖಗಳು ಮೊದಲೇ ಕಡಿಮೆ, ಆದ್ದರಿಂದ ಸಣ್ಣ ಕೂಟವೂ ಪಟ್ಟಿಯನ್ನು ಬುಡಮೇಲು ಮಾಡಬಲ್ಲದು. ಅತಿಹೆಚ್ಚು ಉಲ್ಲೇಖಗೊಂಡ ಸಂಶೋಧಕರ ಪಟ್ಟಿ ಹೊರಡಿಸುವ ಕ್ಲಾರಿವೇಟ್ ಸಂಸ್ಥೆಯೇ 2023ರಲ್ಲಿ ಗಣಿತವನ್ನು ಪಟ್ಟಿಯಿಂದ ಕೈಬಿಟ್ಟಿತು. ಅಂತರರಾಷ್ಟ್ರೀಯ ಗಣಿತ ಒಕ್ಕೂಟ ಇತರ ಸಂಸ್ಥೆಗಳೊಡನೆ 2008ರಲ್ಲೇ ವರದಿ ಹೊರಡಿಸಿ, ಉಲ್ಲೇಖದ ಅಂಕಿಗಳನ್ನೇ ನಂಬಿ ತೀರ್ಪು ಕೊಡಬೇಡಿ ಎಂದು ಎಚ್ಚರಿಸಿತ್ತು.

ಪಕ್ಷಪಾತಕ್ಕೆ ಮದ್ದು ಸಂಖ್ಯೆಯಲ್ಲ, ಬಹಿರಂಗವಾಗಿ ಕಾರಣ ಕೊಡುವ ತೀರ್ಪು. ಅಭ್ಯರ್ಥಿ ತನ್ನ ಅತ್ಯುತ್ತಮವೆಂದು ಆರಿಸಿಕೊಟ್ಟ ಎರಡು ಮೂರು ಪ್ರಬಂಧಗಳನ್ನು ಬಲ್ಲವರು ಓದಲಿ. ಅದರಲ್ಲಿ ಹೊಸದೇನು, ಕಷ್ಟವೇನು ಎಂದು ಸಹಿ ಹಾಕಿ ಬರೆಯಲಿ. ಉಲ್ಲೇಖಗಳ ಎಣಿಕೆ ಪ್ರಶ್ನೆ ಎತ್ತಲು ನೆರವಾಗಬಹುದು, ಉತ್ತರ ಕೊಡುವ ಹಕ್ಕು ಅದಕ್ಕಿಲ್ಲ. ಓದಲು ಪುರುಸೊತ್ತಿಲ್ಲದ ಸಮಿತಿಗೆ ಗಣಿತಜ್ಞನನ್ನು ಅಳೆಯುವ ಅಧಿಕಾರವೂ ಇರಬಾರದು.